ಮೂರನೇ ಕ್ಲಾಸಿನಲ್ಲಿ ಅತ್ತವರು

ಮೂರನೇ ಕ್ಲಾಸಿನ ಮೇಷ್ಟ್ರು ಆ ಬುಧವಾರ ಪೋಷಕರಿಗೆ ಬರೆದು ಕಳಿಸಿದ್ದು ಬರೀ ನಾಲ್ಕು ಸಾಲು. ಅಷ್ಟು ಕಡಿಮೆ ಬರೆದದ್ದೇ ಅವರಿಗೆ ಮುಳುವಾಯಿತು.

ಬೇರೆ ಯಾರಾದರೂ ಬರೆದಿದ್ದರೆ ನಾಲ್ಕು ಸಾಲು ಒಂದು ಸಂಗತಿಯೇ ಆಗುತ್ತಿರಲಿಲ್ಲ. ಆ ಗಂಡುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಕ್ಲಾಸಿಗೊಂದರಂತೆ ಪೋಷಕರ ಮೊಬೈಲ್ ಗ್ರೂಪು ಇತ್ತು. ಊಟದ ಬೆಲ್ ಹೊಡೆಯುವುದರೊಳಗೆ ಅವತ್ತಿನ ಸಮಾಚಾರ ಅದರಲ್ಲಿ ಬಿದ್ದಿರಬೇಕು ಎಂದು ಹೆಡ್ಮಿಸ್ಟ್ರೆಸ್ ಕಟ್ಟುನಿಟ್ಟು ಮಾಡಿದ್ದರು. ಒಂದನೇ ಕ್ಲಾಸಿನ ಟೀಚರ್ ದಿನವೂ "ಮಕ್ಕಳು ಲವಲವಿಕೆಯಿಂದ ಕಲಿತರು" ಎಂಬ ಒಂದೇ ಸಾಲನ್ನು ಹಿಂದಿನ ದಿನದಿಂದ ಎತ್ತಿ ಇವತ್ತಿಗೆ ಅಂಟಿಸುತ್ತಿದ್ದರು. ಅವರಿಗೆ ಜ್ವರ ಬಂದು ಶಾಲೆಗೆ ರಜೆ ಹಾಕಿದ ದಿನವೂ ಮಕ್ಕಳು ಲವಲವಿಕೆಯಿಂದ ಕಲಿತಿದ್ದರು. ನಾಲ್ಕನೇ ಕ್ಲಾಸಿನವರು ಒಂದು ಹೂವಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು.

ಮೂರನೇ ಕ್ಲಾಸಿನ ಮೇಷ್ಟ್ರು ಹಾಗಲ್ಲ. ಅವರು ಬರೆಯಲು ಕೂತರೆ ಬಾವಿಯಿಂದ ನೀರು ಸೇದಿದ ಹಾಗೆ, ಕೊಡದ ಮೇಲೆ ಕೊಡ ಬರುತ್ತಲೇ ಇರುತ್ತಿತ್ತು. ಯಾವ ಪಾಠ ಆಯಿತು, ಯಾರು ಯಾವ ಪ್ರಶ್ನೆ ಕೇಳಿದರು, ಏಳರ ಮಗ್ಗಿ ಎಲ್ಲಿ ತೊಡರಿತು, ಯಾರ ಶೂ ಲೇಸು ಯಾರ ಬೆಂಚಿಗೆ ಕಟ್ಟಲ್ಪಟ್ಟಿತ್ತು, ಎಲ್ಲವೂ. ಜೊತೆಗೆ ಮೂರೋ ನಾಲ್ಕೋ ಫೋಟೋ. ಸ್ಟಾಫ್ ರೂಮಿನಲ್ಲಿ ಅವರಿಗೆ ವರದಿ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಮೇಷ್ಟ್ರಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮೂವತ್ತನಾಲ್ಕು ಹುಡುಗರು, ಅವಳಿಗಳನ್ನು ಒಂದು ಲೆಕ್ಕಕ್ಕೆ ಹಿಡಿದರೆ ಮೂವತ್ತಮೂರು ಮನೆ. ಅಷ್ಟೂ ಮನೆಯವರಿಗೆ ತಮ್ಮ ಕ್ಲಾಸು ಗಾಜಿನ ಡಬ್ಬಿಯಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಅವರು ನಂಬಿದ್ದರು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಬುಧವಾರ ಬೆಳಗ್ಗೆ ಹತ್ತು ಗಂಟೆಗೆ.

ಹಿಂದಿನ ದಿನ ಕ್ಲಾಸಿನ ಬೀರುವಿನ ಮೇಲೆ, ಸುತ್ತಿಟ್ಟ ಭೂಪಟಗಳ ನಡುವೆ, ಪಾರಿವಾಳವೊಂದು ಮೊಟ್ಟೆಯಿಟ್ಟಿದ್ದು ಪತ್ತೆಯಾಗಿತ್ತು. ಮೊದಲು ಕಂಡವನು ಕಿಟಕಿ ಪಕ್ಕದ ಬೆಂಚಿನ ಹುಡುಗ. ಕ್ಲಾಸಿನಲ್ಲಿ ಅವನ ದನಿ ಕೇಳಿಸುವುದೇ ಅಪರೂಪ. ಆದರೆ ಮಂಗಳವಾರ ಪೂರ್ತಿ ಅವನೇ ರಾಜ. ಮೊಟ್ಟೆ ಎಷ್ಟು, ಬಣ್ಣ ಏನು, ತಾಯಿ ಹಕ್ಕಿ ಯಾವ ಕಿಂಡಿಯಿಂದ ಬರುತ್ತದೆ ಎಂದು ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಮೇಷ್ಟ್ರು ಅವತ್ತಿನ ವರದಿಯಲ್ಲಿ ಎಲ್ಲವನ್ನೂ ಬರೆದು, ಸ್ಟೂಲ್ ಹತ್ತಿ ಫೋಟೋ ತೆಗೆದು ಕಳಿಸಿದ್ದರು. ಬುಧವಾರ ಮತ್ತೆ ಸ್ಟೂಲ್ ಎಳೆದು ಮೊಬೈಲ್ ಕೈಗೆತ್ತಿಕೊಂಡಾಗ ಆ ಹುಡುಗ ಎದ್ದು ನಿಂತ. "ಫೋಟೋ ತೆಗೀಬೇಡಿ ಸಾರ್" ಎಂದ. ಹಕ್ಕಿ ಹೆದರುತ್ತದೆ ಎನ್ನುತ್ತಿದ್ದಾನೆ ಎಂದುಕೊಂಡು ಮೇಷ್ಟ್ರು ನಕ್ಕರು. ಹುಡುಗ ನಗಲಿಲ್ಲ. ಅವನು ಪೆನ್ಸಿಲ್ ಬಿತ್ತೆಂಬ ನೆಪ ಮಾಡಿ ಬೆಂಚಿನ ಕೆಳಗೆ ಹೋದ, ಹೋದವನು ಸದ್ದಿಲ್ಲದೆ ಅಳುತ್ತ ಅಲ್ಲೇ ಕೂತ, ಮೇಲೆ ಬರಲೇ ಇಲ್ಲ.

ಉಳಿದವರಿಗೆ ಐದು ಲೆಕ್ಕ ಕೊಟ್ಟು, ಮೇಷ್ಟ್ರು ಅವನನ್ನು ಹೊರಗೆ ನಲ್ಲಿಗಳ ಹತ್ತಿರ ಕರೆದುಕೊಂಡು ಹೋದರು. ಮುಖ ತೊಳೆಸಿದರು. ಯಾರಾದರೂ ಹೊಡೆದರಾ ಎಂದರು, ಇಲ್ಲ. ಹೊಟ್ಟೆನೋವಾ, ಅಲ್ಲ. ಕೊನೆಗೆ ಅವನು ಬಾಯಿಬಿಟ್ಟ.

ಅವನ ಅಪ್ಪನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಸುತ್ತು ಎಣಿಸುವಾಗ ಯಾರೂ ಮಾತಾಡಿಸುವಂತಿಲ್ಲ. ಎಣಿಕೆ ತಪ್ಪಿದರೆ ಮೊದಲಿನಿಂದ ಬಿಚ್ಚಬೇಕು. ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಹಾಗಾಗಿ ಹುಡುಗನಿಗೆ ಸಿಗುತ್ತಿದ್ದದ್ದು ಶಾಲೆಯಿಂದ ಅಂಗಡಿಗೆ ಸ್ಕೂಟರಿನಲ್ಲಿ ಹೋಗುವ ಕಾಲು ಗಂಟೆ. ಮೊದಲೆಲ್ಲ ಅಪ್ಪ ಸ್ಕೂಟರ್ ಸ್ಟಾರ್ಟ್ ಮಾಡುತ್ತಲೇ, ಇವತ್ತೇನಾಯ್ತಪ್ಪ ಸ್ಕೂಲಲ್ಲಿ, ಎಂದು ಕೇಳುತ್ತಿದ್ದರಂತೆ. ಈ ವರ್ಷದಿಂದ ಕೇಳುವುದಿಲ್ಲ. ಮಧ್ಯಾಹ್ನವೇ ಎಲ್ಲ ಓದಿಕೊಂಡುಬಿಟ್ಟಿರುತ್ತಾರೆ.

"ನಿನ್ನೆ ನಾನು, ಅಪ್ಪಾ ಒಂದು ವಿಷ್ಯ ಅಂದೆ ಸಾರ್. ಅವ್ರು, ಗೊತ್ತು, ಪಾರಿವಾಳ, ಎರಡು ಮೊಟ್ಟೆ, ಫೋಟೋ ನೋಡ್ದೆ ಅಂದ್ರು." ಹುಡುಗ ಮೂಗೊರೆಸಿಕೊಂಡ. "ಎರಡು ಅಂತ ಕೊನೇಗೆ ಹೇಳೋಣ ಅಂತ ಇಟ್ಕೊಂಡಿದ್ದೆ."

ಮೇಷ್ಟ್ರು ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಮಕ್ಕಳು ಹೊಡೆದಾಟಕ್ಕೆ ಅತ್ತದ್ದು, ಮಾರ್ಕಿಗೆ ಅತ್ತದ್ದು, ಹಲ್ಲು ಬಿದ್ದದ್ದಕ್ಕೆ ಅತ್ತದ್ದು ಎಲ್ಲ ಕಂಡಿದ್ದರು. ತಾನು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಒಬ್ಬ ಹುಡುಗ ಅತ್ತದ್ದನ್ನು ಇದೇ ಮೊದಲು ನೋಡಿದ್ದು. ಹುಡುಗ ಅವರ ತೋಳು ಹಿಡಿದು, ನಾನು ಅತ್ತಿದ್ದು ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡ. ಮೇಷ್ಟ್ರು ಕೊಟ್ಟರು. ಕೊಟ್ಟ ಮೇಲೆ ಅದು ಒಂಬತ್ತು ವರ್ಷದವನಿಗೆ ಕೊಟ್ಟ ಮಾತು, ತೊಂಬತ್ತು ವರ್ಷದವರಿಗೆ ಕೊಟ್ಟ ಮಾತು ಎಂದು ಬೇರೆ ಬೇರೆ ತೂಗುವ ಮನುಷ್ಯ ಅವರಲ್ಲ.

ಊಟದ ಬೆಲ್ಲಿಗೆ ಮುಂಚೆ ಸ್ಟಾಫ್ ರೂಮಿನ ಉದ್ದ ಮೇಜಿನ ತುದಿಯಲ್ಲಿ ಕೂತು, ಅಷ್ಟೊತ್ತಿಗಾಗಲೇ ಅರ್ಧ ಬರೆದಿದ್ದ ವರದಿಯನ್ನು ಅವರು ಅಳಿಸಿಹಾಕಿದರು. ಮಕ್ಕಳು ಹೇಳುವುದಕ್ಕೂ ಏನಾದರೂ ಉಳಿಯಲಿ ಎನ್ನುವುದು ಅವರ ಆಲೋಚನೆ. ಆದರೆ ಅತ್ತದ್ದನ್ನು ಬರೆಯದೆ ಇರುವ ಹಾಗಿಲ್ಲ. ಹೋದ ವರ್ಷ ಒಬ್ಬ ಹುಡುಗನ ಹಾಲುಹಲ್ಲು ಬಿದ್ದು, ಶಾಲೆಯವರು ಯಾರೂ ತಿಳಿಸಲಿಲ್ಲವೆಂದು ಅವನ ತಾತ ಹಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಹೆಡ್ಮಿಸ್ಟ್ರೆಸ್ಸಿನ ಮೇಜಿನ ಮೇಲಿಟ್ಟು ಹೋದ ಮೇಲೆ, ಬಿದ್ದರೆ, ಅತ್ತರೆ, ರಕ್ತ ಬಂದರೆ, ಮೈ ಬಿಸಿಯಾದರೆ ಅವತ್ತೇ ತಿಳಿಸಬೇಕೆಂದು ಆರ್ಡರ್ ಆಗಿತ್ತು. ಮೇಷ್ಟ್ರು ಆರ್ಡರನ್ನೂ ಮಾತನ್ನೂ ಎರಡನ್ನೂ ಉಳಿಸಿಕೊಂಡು ಬರೆದರು:

"ಇಂದು ಪಾಠಗಳು ನಡೆದವು. ಬೆಳಗ್ಗೆ ಒಬ್ಬ ಹುಡುಗ ಅತ್ತ. ಈಗ ಸರಿಹೋಗಿದ್ದಾನೆ. ಉಳಿದದ್ದನ್ನು ನಿಮ್ಮ ಮಕ್ಕಳೇ ಹೇಳುತ್ತಾರೆ."

ಕಳಿಸಿ, ಮೊಬೈಲನ್ನು ಜೇಬಿಗೆ ಹಾಕಿ, ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟಿದ್ದರಷ್ಟೆ. ಜೇಬು ನಡುಗತೊಡಗಿತು.

ಮೂವತ್ತಮೂರು ಮನೆಗಳಲ್ಲಿ ದಿನವೂ ಪುಟಗಟ್ಟಲೆ ಓದಿ ಅಭ್ಯಾಸವಾದವರು ಈ ನಾಲ್ಕು ಸಾಲನ್ನು ನೋಡಿ ಬೆಚ್ಚಿಬಿದ್ದಿದ್ದರು. ಫೋಟೋ ಯಾಕಿಲ್ಲ? ಹೆಸರು ಯಾಕಿಲ್ಲ? ಒಬ್ಬ ಹುಡುಗ ಎಂದರೆ ಯಾವ ಹುಡುಗ? ಸರಿಹೋಗಿದ್ದಾನೆ ಎನ್ನಬೇಕಾದರೆ ಮೊದಲು ಏನೋ ಕೆಟ್ಟಿರಬೇಕಲ್ಲ? ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಸಾಲು ಅವರ ಎದೆ ಒಡೆಸಿತು. ಉಳಿದದ್ದು ಎಂದರೇನು, ಅದನ್ನು ಮೇಷ್ಟ್ರು ಯಾಕೆ ಹೇಳಲಾರರು? ವಕೀಲರಾಗಿದ್ದ ಒಬ್ಬ ತಂದೆ, ಇದು ಮುಂದೆ ತನ್ನ ಮೇಲೆ ಏನೂ ಬರಬಾರದೆಂದು ಅಳೆದು ತೂಗಿ ಬರೆದ ಬರವಣಿಗೆ, ಇಂಥವನ್ನು ದಿನಾ ಕೋರ್ಟಿನಲ್ಲಿ ನೋಡುತ್ತೇನೆ ಎಂದು ಗ್ರೂಪಿನಲ್ಲಿ ಹಾಕಿದರು. ಅಲ್ಲಿಗೆ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು.

ಮೇಷ್ಟ್ರು ಮೊದಲ ಏಳು ಕರೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. ನಿಮ್ಮ ಮಗ ಅಲ್ಲ ಎಂದು ಒಬ್ಬರಿಗೆ ಹೇಳಿದರೆ ಸಾಕು, ಹೀಗೆಯೇ ಒಬ್ಬೊಬ್ಬರನ್ನೇ ಕಳೆಯುತ್ತ ಹೋದರೆ ಕೊನೆಗೆ ಉಳಿಯುವವನು ಯಾರೆಂದು ಲೋಕಕ್ಕೇ ತಿಳಿಯುತ್ತದೆ ಎಂಬುದು ಅವರಿಗೆ ಎರಡನೇ ಕರೆಯಲ್ಲೇ ಹೊಳೆಯಿತು. ಹಾಗಾಗಿ ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹೌದೂ ಅಲ್ಲದ, ಅಲ್ಲವೂ ಅಲ್ಲದ ಉತ್ತರವನ್ನು ತಂದೆತಾಯಿಯರು ಹೌದು ಎಂದೇ ತಿಳಿದುಕೊಂಡರು. ಡ್ರಿಲ್ ಮಾಸ್ತರರು ಪಕ್ಕದಲ್ಲೇ ಕೂತು ಮೂಲಂಗಿ ಕಡಿಯುತ್ತ, ಹೆಸರು ಹೇಳಿ ಕಳಚಿಕೊಳ್ಳಿ ಮೇಷ್ಟ್ರೇ, ಹುಡುಗರ ಅಳು ಅಂದರೆ ಮಳೆ ನೀರು, ಸಂಜೆಗೆ ಒಣಗುತ್ತದೆ ಎಂದು ಉಪದೇಶ ಮಾಡಿದರು. ಮಾಡಿದವರು ಸುಮ್ಮನೆ ಇರಲಿಲ್ಲ. ಗೇಟಿನ ಹತ್ತಿರ ಹೋಗಿ, ಅಲ್ಲಿ ಬಂದು ನಿಂತಿದ್ದ ಇಬ್ಬರು ತಾಯಂದಿರಿಗೆ, ವಿಷಯ ಗಂಭೀರ ಇದೆ, ಮೇಷ್ಟ್ರು ಊಟವನ್ನೇ ಬಿಟ್ಟಿದ್ದಾರೆ ಎಂದು ತಿಳಿಸಿ ಬಂದರು.

ಒಂದೂವರೆ ಗಂಟೆಯ ಹೊತ್ತಿಗೆ ಹದಿನಾಲ್ಕು ಮಂದಿ ಜಮಾಯಿಸಿದ್ದರು. ಅವಳಿ ಮಕ್ಕಳ ತಾಯಿ ಎಲ್ಲರಿಗಿಂತ ಮುಂದೆ. ಅವರದು ಬೇರೆಯೇ ಸಂಕಟ. "ನಮ್ಮನೆಯದೇ ಆದ್ರೆ, ಎರಡರಲ್ಲಿ ಯಾವುದು ಅಂತಾದ್ರೂ ಹೇಳಿ ಸಾರ್. ಒಬ್ಬನ್ನ ಸಮಾಧಾನ ಮಾಡಿದ್ರೆ ಇನ್ನೊಬ್ಬ ಮುನಿಸ್ಕೋತಾನೆ" ಎಂದರು. ಮೇಷ್ಟ್ರು ಕೈಮುಗಿದು, ಮಕ್ಕಳೆಲ್ಲ ಚೆನ್ನಾಗಿದ್ದಾರೆ, ಬೇಕಿದ್ದರೆ ಕಿಟಕಿಯಿಂದ ನೋಡಿಕೊಂಡು ಹೋಗಿ ಎಂದರು. ಅವತ್ತು ಅವರು ಮಾಡಿದ ಎರಡನೇ ತಪ್ಪು ಇದು.

ಭಾಗಾಕಾರದ ಲೆಕ್ಕ ನಡೆಯುತ್ತಿತ್ತು. ಕ್ಲಾಸಿನ ಮೂರು ಕಿಟಕಿಗಳಲ್ಲೂ ದ್ರಾಕ್ಷಿಗೊಂಚಲಿನ ಹಾಗೆ ಮುಖಗಳು ತೂಗಾಡಿದವು. ಹುಡುಗರು ತಿರುಗಿ ನೋಡಿದರು. ಮಧ್ಯಾಹ್ನದ ಹೊತ್ತಿನಲ್ಲಿ, ಅದೂ ಮನೆಯಲ್ಲಿ ಉಡುವ ಬಟ್ಟೆಯಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ತಾಯಿಯನ್ನು ಕಂಡ ಮುಂದಿನ ಬೆಂಚಿನ ದಪ್ಪ ಹುಡುಗ, ಮನೆಯಲ್ಲಿ ಯಾರಿಗೋ ಏನೋ ಆಗಿಹೋಗಿದೆ ಎಂದುಕೊಂಡು ಗೊಳೋ ಎಂದ. ತಾಯಿ, ನೋಡಿ, ನಾನು ಹೇಳಲಿಲ್ವಾ, ನಮ್ಮವನೇ ಎಂದು ಬಾಗಿಲಿನತ್ತ ಧಾವಿಸಿದರು. ಅವನು ಅತ್ತದ್ದನ್ನು ನೋಡಿ ಅವನ ಪಕ್ಕದವನು ಅತ್ತ. ಪಕ್ಕದವನ ತಂದೆ ಕಿಟಕಿಯ ಸರಳುಗಳ ನಡುವೆ ತಲೆ ತೂರಿಸಿ ಮಗನ ಹೆಸರು ಕೂಗಿ, ಕೂಗಿದ ಮೇಲೆ ತಲೆ ಹಿಂದಕ್ಕೆ ಬಾರದೆ ಅಲ್ಲೇ ಸಿಕ್ಕಿಕೊಂಡರು. ಅವರನ್ನು ಬಿಡಿಸಲು ಜವಾನ ಸಾಬೂನು ತರಬೇಕಾಯಿತು. ತಂದೆಯ ಕಿವಿಗೆ ಸಾಬೂನು ಹಚ್ಚುವುದನ್ನು ಕಂಡು ನಗುತ್ತಿದ್ದವರೂ ಒಬ್ಬಿಬ್ಬರು ಅಳತೊಡಗಿದರು. ಬೆಳಗ್ಗೆ ಅತ್ತವನು ಮಾತ್ರ ಕಿಟಕಿ ಪಕ್ಕದ ಬೆಂಚಿನಲ್ಲಿ ಕೈಕಟ್ಟಿ ಕೂತು, ಹೊರಗಿನ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಅದರಲ್ಲಿ ಅವನ ಅಪ್ಪನ ಮುಖ ಇರಲಿಲ್ಲ. ವೈಂಡಿಂಗ್ ಅಂಗಡಿಯವರು ಎಂದಿನ ಹಾಗೆ ಮೆಸೇಜಿಗೆ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗಿದ್ದರು.

ಎರಡೂವರೆಗೆ ಹೆಡ್ಮಿಸ್ಟ್ರೆಸ್ ಕರೆಸಿದರು.

ಅವರ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಗಾಜು, ಗಾಜಿನ ಕೆಳಗೆ ಐದೂ ಕ್ಲಾಸಿನ ವೇಳಾಪಟ್ಟಿ. ಅವರು ಕೆಟ್ಟವರಲ್ಲ. ಶಾಲೆಯ ಬಾಗಿಲು ಪೋಷಕರಿಗೆ ಸದಾ ತೆರೆದಿರಬೇಕು ಎಂದು ಮನಸಾರೆ ನಂಬಿದವರು. ಆದರೆ ಅವತ್ತು ತೆರೆದ ಬಾಗಿಲಿನಿಂದ ಇಷ್ಟು ಜನ ಒಮ್ಮೆಗೇ ನುಗ್ಗಿಬಂದದ್ದು ಅವರಿಗೂ ಹೊಸದು. ಹುಡುಗನ ಹೆಸರು, ಅತ್ತ ಕಾರಣ, ಎರಡನ್ನೂ ಕೇಳಿದರು. ಮೇಷ್ಟ್ರು ಮಾತು ಕೊಟ್ಟಿದ್ದೇನೆ ಎಂದರು. ಯಾರಿಗೆ ಎಂದರು. ಹುಡುಗನಿಗೆ ಎಂದರು.

"ನನಗೂ ಹೇಳಬಾರದಾ?"

"ಯಾರಿಗೂ ಅಂದಿದ್ದಾನೆ ಮೇಡಂ. ನೀವು ಯಾರಿಗೂ ಒಳಗೆ ಬರ್ತೀರಿ."

"ತಂದೆತಾಯಿಗೆ ಎಲ್ಲಾ ಗೊತ್ತಿರಬೇಕು ಅಂತ ತಾನೇ ನಾವು ಇಷ್ಟೆಲ್ಲ ಮಾಡ್ತಿರೋದು?"

ಮೇಷ್ಟ್ರು ಮೆಲ್ಲಗೆ, ಗೊತ್ತಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂದು ಇವತ್ತು ಅನ್ನಿಸಿತು ಎಂದರು. ಹೆಡ್ಮಿಸ್ಟ್ರೆಸ್ಸಿಗೆ ಅದು ಪೂರ್ತಿ ಅರ್ಥವಾಗದಿದ್ದರೂ, ಅದರಲ್ಲಿ ಏನೋ ಇದೆ ಎನ್ನುವಷ್ಟು ಅರ್ಥವಾಯಿತು. ಇನ್ನೊಂದು ಮೆಸೇಜು ಹಾಕಿ ಪೋಷಕರನ್ನು ತಣ್ಣಗೆ ಮಾಡಿ ಎಂದರು. ತಣ್ಣಗಾಗದಿದ್ದರೆ ನಾಳೆ ಬೆಳಗ್ಗೆ ಹೆಸರು ಬರೆದ ಚೀಟಿ ತನ್ನ ಮೇಜಿನ ಮೇಲಿರಬೇಕು, ಇಲ್ಲವಾದರೆ ಮೂರನೇ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ ಎಂದೂ ಸೇರಿಸಿದರು.

ಮೇಷ್ಟ್ರು ಕಾರಿಡಾರಿನ ಗೋಡೆಗೆ ಒರಗಿ ನಿಂತು ಬರೆದರು. ಯಾರು ಅತ್ತರೆಂದು ನಾನು ಹೇಳುವುದಿಲ್ಲ, ದಯವಿಟ್ಟು ಕ್ಷಮಿಸಿ. ಇವತ್ತು ಸಂಜೆ ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳದೆ, ಶಾಲೆಯಲ್ಲಿ ಏನಾಯಿತೆಂದು ಅವನನ್ನೇ ಕೇಳಿ. ಅವನು ನಿಲ್ಲಿಸುವ ತನಕ ಕೇಳಿ.

ಶಾಲೆ ಬಿಟ್ಟಾಗ ಅವರು ಜಗಲಿಯ ಕಂಬದ ಹತ್ತಿರ ನಿಂತು ಗೇಟನ್ನೇ ನೋಡುತ್ತಿದ್ದರು. ವೈಂಡಿಂಗ್ ಅಂಗಡಿಯವರ ಸ್ಕೂಟರ್ ಬಂತು. ಅಂಗಿಯ ತೋಳಿಗೆ ವಾರ್ನಿಶ್ ಕಲೆ, ಕಿವಿಯ ಮೇಲೆ ಪೆನ್ಸಿಲ್. ಹುಡುಗ ಹಿಂದೆ ಹತ್ತಿ ಕೂತ. ತಂದೆ ಎಂದಿನಂತೆ ಕಿಕ್ ಹೊಡೆಯಲು ಕಾಲೆತ್ತಿದವರು, ಕಾಲು ಇಳಿಸಿ, ಹಿಂದಕ್ಕೆ ತಿರುಗಿ ಏನೋ ಅಂದರು. ಹುಡುಗ ತಲೆಯಾಡಿಸಿದ. ಇಷ್ಟು ದೂರಕ್ಕೆ ಮಾತು ಕೇಳಿಸಲಿಲ್ಲ. ಸ್ಕೂಟರ್ ಮಾತ್ರ ಬಹಳ ಹೊತ್ತು ಅಲ್ಲಿಂದ ಹೊರಡಲಿಲ್ಲ. ಮೇಷ್ಟ್ರು, ಕ್ಲಾಸು ಹೋದರೂ ಹೋಗಲಿ, ಈ ಒಂದು ಕೆಲಸ ಆಯಿತಲ್ಲ ಎಂದುಕೊಂಡು ಮನೆಯ ದಾರಿ ಹಿಡಿದರು.

ಮೇಷ್ಟ್ರ ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ. ದಿನವೆಲ್ಲ ಮೌನದಲ್ಲಿ ಕಳೆದು ಬರುವ ಆಕೆ, ಗಂಡ ಚಪ್ಪಲಿ ಬಿಡುತ್ತಿದ್ದ ಹಾಗೆಯೇ, ಏನ್ರೀ ಸಮಾಚಾರ ಎನ್ನುತ್ತಿದ್ದರು. ಮೇಷ್ಟ್ರು ಒಂದನೇ ಪಿರಿಯಡ್ಡಿನಿಂದ ಶುರು ಮಾಡಿ ಊಟ ಮುಗಿಯುವ ತನಕ ಹೇಳುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ಬಹುಶಃ ಸಾವಿರಾರು ಭಾಗಾಕಾರಗಳನ್ನು ಕೇಳಿಸಿಕೊಂಡಿದ್ದರು. ಅವತ್ತು ಮಾತ್ರ ಮೇಷ್ಟ್ರು, ಏನಿಲ್ಲ, ಹೀಗೇ ಎಂದು ಹೇಳಿ ಕುರ್ಚಿಯಲ್ಲಿ ಕೂತರು. ಆಕೆಗೆ ಆಶ್ಚರ್ಯವಾಯಿತು, ಆದರೆ ಸುಸ್ತಿರಬೇಕೆಂದು ಸುಮ್ಮನಾದರು.

ಆರು ಗಂಟೆಗೆ ಗ್ರೂಪಿನಲ್ಲಿ ಮೊದಲ ಉತ್ತರ ಬಂತು. ಔಷಧಿ ಅಂಗಡಿ ನಡೆಸುವ ತಾಯಿಯೊಬ್ಬರದು. ಮಗನನ್ನು ಕೂರಿಸಿಕೊಂಡು ಕೇಳಿದೆ, ಅತ್ತದ್ದು ಅವನೇ, ಅಣ್ಣನ ಹಳೇ ಚೀಲ ಹೊರುವುದು ಅವನಿಗೆ ನಾಚಿಕೆಯಂತೆ, ನನಗೆ ಗೊತ್ತೇ ಇರಲಿಲ್ಲ, ವಂದನೆಗಳು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಹತ್ತು ನಿಮಿಷಕ್ಕೆ ಬಸ್ ಡ್ರೈವರ್ ಆಗಿದ್ದ ತಂದೆಯೊಬ್ಬರದು: ಅತ್ತದ್ದು ನಮ್ಮವನು, ನಾನು ಬೆಳಗ್ಗೆ ಅವನು ಏಳುವ ಮೊದಲೇ ಹೋಗಿಬಿಡುತ್ತೇನಲ್ಲ, ಅದಕ್ಕೆ. ಆಮೇಲೆ ವಕೀಲರದು. ಅವರ ಮಗ, ಅಪ್ಪ ನನ್ನನ್ನು ಸಾಕ್ಷಿ ಕೇಳುವ ಹಾಗೆ ಕೇಳುತ್ತಾರೆ ಎಂದು ಅತ್ತನಂತೆ. ಅವಳಿಗಳ ತಾಯಿ, ಇಬ್ಬರೂ ಅತ್ತಿದ್ದಾರೆ, ಸರದಿಯಲ್ಲಿ, ಎಂದು ಬರೆದರು.

ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ನೀನಾ ಅತ್ತದ್ದು ಎಂದು ಅಮ್ಮ ಕೇಳಿದರೆ, ಅಲ್ಲ ಎಂದು ಹೇಳಿ ಆ ಕೈಯನ್ನು ಯಾಕೆ ಕಳೆದುಕೊಳ್ಳಬೇಕು ಎಂದು ಹುಡುಗರಿಗೆ ಅನ್ನಿಸಿರಬೇಕು. ಅವರು ಹೇಳಿದ್ದರಲ್ಲಿ ಯಾವುದು ಕಟ್ಟಿದ್ದು, ಯಾವುದು ನಿಜ ಎಂದು ಮೇಷ್ಟ್ರಿಗೂ ತಿಳಿಯಲಿಲ್ಲ. ಆದರೆ ಓದುತ್ತ ಓದುತ್ತ ಅವರು ನಿಧಾನವಾದರು. ಈ ಹುಡುಗರ ಶೂ ಲೇಸಿನವರೆಗೆ ಬರೆದಿದ್ದ ತನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಆರೂ ಮುಕ್ಕಾಲಿಗೆ ಹೆಡ್ಮಿಸ್ಟ್ರೆಸ್ ಫೋನ್ ಮಾಡಿದರು. "ಒಬ್ಬ ಅತ್ತ ಅಂತ ಬರೆದಿದ್ರಿ ಮೇಷ್ಟ್ರೇ. ನನ್ನ ಲೆಕ್ಕಕ್ಕೆ ಇಪ್ಪತ್ತಾರು ಆಯ್ತು. ಅವತ್ತವತ್ತೇ ಸರಿಯಾಗಿ ತಿಳಿಸಬೇಕು ಅಂತ ಆರ್ಡರ್ ಇಲ್ವಾ?" ಮೇಷ್ಟ್ರು, ಬೆಳಗ್ಗೆ ನಾನು ನೋಡಿದ್ದು ಒಬ್ಬನನ್ನೇ ಎಂದರು. ಇಪ್ಪತ್ತಾರು ಮಕ್ಕಳು ಕಣ್ಣೆದುರು ಅಳುತ್ತಿದ್ದರೆ ಒಬ್ಬನನ್ನು ಮಾತ್ರ ನೋಡುವ ಮೇಷ್ಟ್ರ ಕಣ್ಣನ್ನು ಪರೀಕ್ಷೆ ಮಾಡಿಸಬೇಕಾಗುತ್ತದೆ ಎಂದು ಹೇಳಿ ಅವರು ಫೋನ್ ಇಟ್ಟರು.

ಏಳು ಗಂಟೆಗೆ ವೈಂಡಿಂಗ್ ಅಂಗಡಿಯವರು ಗ್ರೂಪಿಗೆ ಧ್ವನಿ ಮೆಸೇಜು ಹಾಕಿದರು. ಮೇಷ್ಟ್ರು ಒಳಗೊಳಗೇ ಲೆಕ್ಕ ಹಾಕಿದರು. ಹುಡುಗ ಹೇಳಿಬಿಟ್ಟನೋ ಏನೋ. ಹೇಳಿದ್ದರೆ ತನ್ನ ಮಾತಿನ ಕಟ್ಟು ಬಿಚ್ಚಿತು, ಹೆಡ್ಮಿಸ್ಟ್ರೆಸ್ಸಿಗೂ ಉತ್ತರ ಸಿಕ್ಕಿತು. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದರು. ಮೇಷ್ಟ್ರು ಬಟನ್ ಒತ್ತಿದರು.

"ಎಲ್ಲಾರ್ಗೂ ನಮಸ್ಕಾರ. ನಾನು ವೈಂಡಿಂಗ್ ಅಂಗಡಿಯವನು. ಮೇಷ್ಟ್ರು ಹೇಳಿದ ಹಾಗೆ ಕೆಲಸ ಬದಿಗಿಟ್ಟು ಮಗನ್ನ ಕೇಳ್ದೆ. ಎರಡು ಗಂಟೆ ಕೂತಿದ್ವಿ. ಏನೇನೋ ಹೇಳ್ದ, ಅತ್ತಿದ್ದು ಯಾರು ಅನ್ನೋದು ಮಾತ್ರ ಬಾಯಿಬಿಡ್ಲಿಲ್ಲ. ಹೇಳಲ್ಲ ಅಂತ ಮಾತು ಆಗಿದ್ಯಂತೆ. ಆಮೇಲೆ ಹೇಳ್ದ. ಅತ್ತಿದ್ದು ಹುಡುಗ್ರಲ್ಲ. ನಮ್ಮ ಮೇಷ್ಟ್ರು."

ಹೆಂಡತಿಯ ಕೈ ಟವೆಲಿನ ಮೇಲೆ ನಿಂತಿತು.

"ನಲ್ಲಿ ಹತ್ರ ನಿಂತ್ಕೊಂಡು ಅತ್ರಂತೆ. ಇವ್ನೇ ಸಮಾಧಾನ ಮಾಡಿದ್ನಂತೆ. ಇವತ್ತು ಏನಾಯ್ತು ಅಂತ ಮನೇಲಿ ಅವ್ರನ್ನ ಕೇಳೋರು ಒಬ್ರೂ ಇಲ್ವಂತೆ. ಆಸೆಯಿಂದ ಹೇಳೋಕೆ ಹೋದ್ರೆ, ಗೊತ್ತು ಬಿಡು ಅಂದ್ಬಿಡ್ತಾರಂತೆ. ಪಾಪ, ಅದಕ್ಕೇ ಅವ್ರು ದಿನಾ ನಮಗೆ ಅಷ್ಟುದ್ದ ಬರೀತಾ ಇದ್ದಿದ್ದು. ನಮಗೆ ಅರ್ಥ ಆಗ್ಲಿಲ್ಲ. ನನ್ನ ಮಗನಿಗೆ ಅರ್ಥ ಆಯ್ತು."

ಗ್ರೂಪಿನಲ್ಲಿ ಸಮಾಧಾನದ ಮಾತು ಸುರಿಯತೊಡಗಿತು. ಧೈರ್ಯವಾಗಿರಿ ಸಾರ್. ನಾವಿದ್ದೇವೆ ಸಾರ್. ವಕೀಲರು, ಒಬ್ಬ ಹುಡುಗ ಎಂದು ಮೂರನೆಯವರ ಹಾಗೆ ತಮ್ಮ ಬಗ್ಗೆಯೇ ಬರೆದುಕೊಳ್ಳಲು ಎಷ್ಟು ನೊಂದಿರಬೇಕು ಎಂದು ಬರೆದು, ಮಧ್ಯಾಹ್ನದ ತಮ್ಮ ಮಾತನ್ನು ವಾಪಸು ತೆಗೆದುಕೊಂಡರು. ಹೆಡ್ಮಿಸ್ಟ್ರೆಸ್ ಪ್ರತ್ಯೇಕವಾಗಿ ಬರೆದರು. ಗೊತ್ತಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂದು ಮೇಷ್ಟ್ರು ಹೇಳಿದ್ದು ಅವರಿಗೆ ಈಗ ಪೂರ್ತಿ ಅರ್ಥವಾಗಿತ್ತಂತೆ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಒಂದೇ ಒಂದು ವಾಕ್ಯದಲ್ಲಿ ಎಲ್ಲ ಸರಿಹೋಗುತ್ತಿತ್ತು. ಬಾಯಿಯನ್ನೂ ತೆರೆದರು. ಯಾರಿಗೂ ಎಂದಿದ್ದ ಹುಡುಗ. ಹೆಂಡತಿಯೂ ಅದರೊಳಗೆ ಬರುತ್ತಾಳೆ. ಅವರು ಬಾಯಿ ಮುಚ್ಚಿದರು.

"ನಾನು ಕೇಳಲ್ವಾ ನಿಮ್ಮನ್ನ?" ಎಂದರು ಹೆಂಡತಿ. ದನಿ ಏರಿಸಲಿಲ್ಲ, ಏರಿಸಿದ್ದರೆ ಮೇಷ್ಟ್ರಿಗೆ ಇನ್ನೂ ಸುಲಭವಾಗುತ್ತಿತ್ತು. "ಇವತ್ತೂ ಕೇಳ್ದೆ. ನೀವೇ ಹೇಳ್ಲಿಲ್ಲ." ಆಕೆ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಪಾತ್ರೆಗಳ ಸದ್ದು ಎಂದಿಗಿಂತ ಸ್ವಲ್ಪ ಜೋರಾಗಿ ಬಂತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ವೈಂಡಿಂಗ್ ಅಂಗಡಿಯವರು. ಹಿಂದುಗಡೆ ಅಂಗಡಿಯ ಸದ್ದೇನೂ ಇರಲಿಲ್ಲ, ಮೆಷಿನ್ ನಿಲ್ಲಿಸಿದ್ದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಕೇಳೋರಿಲ್ಲ ಅಂತ ಇನ್ಮೇಲೆ ಅಂದ್ಕೋಬೇಡಿ. ನಾನು ಕೇಳ್ತೀನಿ. ಹೇಳಿ, ಇವತ್ತು ಸ್ಕೂಲಲ್ಲಿ ಏನಾಯ್ತು?"

ಹುಡುಗ ಆ ಕಡೆ ಕಿವಿಗೊಟ್ಟು ಕೂತಿರುವುದು ಮೇಷ್ಟ್ರ ಕಣ್ಣಿಗೆ ಕಟ್ಟಿದಂತಿತ್ತು. ಮಗ ಪಕ್ಕದಲ್ಲಿದ್ದಾನಾ ಎಂದು ಕೇಳಿದರು. ಇದ್ದಾನೆ ಎಂದರು ತಂದೆ.

"ನನಗೆ ಅಷ್ಟು ಸರಿಯಾಗಿ ನೆನಪಿರಲ್ಲ. ಸ್ಪೀಕರ್ ಹಾಕಿ ಅವನ ಕೈಗೆ ಕೊಡಿ. ಅವನು ಹೇಳ್ಲಿ, ನಾವಿಬ್ರೂ ಕೇಳೋಣ."

ಹುಡುಗ ಮೊದಲು ಅಳುಕುತ್ತ, ಆಮೇಲೆ ಎಲ್ಲಿಯೂ ನಿಲ್ಲದೆ ಹೇಳಿದ. ಕಿಟಕಿಯಲ್ಲಿ ತಲೆ ಸಿಕ್ಕಿಕೊಂಡದ್ದು, ಸಾಬೂನು ತಂದದ್ದು, ಸಾಬೂನಿನ ಬಣ್ಣ, ಅವಳಿಗಳು ಒಬ್ಬರನ್ನೊಬ್ಬರು ನೋಡಿಕೊಂಡು ಅಳಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು. ತಂದೆ ನಡುನಡುವೆ, ಆಮೇಲೆ, ಎನ್ನುತ್ತಿದ್ದರು. ಮೇಷ್ಟ್ರು ಕಿವಿಗೆ ಫೋನ್ ಹಿಡಿದು ನಲವತ್ತು ನಿಮಿಷ ಕೂತರು. ಆ ನಲವತ್ತು ನಿಮಿಷದಲ್ಲಿ ಹನ್ನೊಂದು ಪೋಷಕರ ಕರೆ ಬಂದು ಬಂದು ನಿಂತಿತು. ಹೆಂಡತಿ ಒಬ್ಬರೇ ಊಟ ಮುಗಿಸಿ, ಇವರ ತಟ್ಟೆಯನ್ನು ಮುಚ್ಚಿಟ್ಟು ಹೋದರು.

ಹುಡುಗ ಮುಗಿಸಿದ ಮೇಲೆ ತಂದೆ ಫೋನ್ ತೆಗೆದುಕೊಂಡರು.

"ಈಗ ಮನಸ್ಸು ಹಗುರ ಆಯ್ತಾ ಸಾರ್? ನಾಳೆನೂ ಇದೇ ಹೊತ್ತಿಗೆ ಮಾಡ್ತೀನಿ. ನಾಡಿದ್ದಿಂದ ಉಳಿದವ್ರೂ ಸರದಿ ಹಾಕ್ಕೊಂಡಿದ್ದಾರೆ, ದಿನಕ್ಕೆ ಮೂರು ಮನೆ. ನೀವು ಹೇಳೋಕೆ ಸಂಕೋಚ ಪಟ್ಕೋಬೇಡಿ."